ಆರನ್ ದ್ವೀಪದ ಉಣ್ಣೆಯಂಗಿ

ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ವ್ಯಾಸಂಗ ಮಾಡಿದ ಅನೇಕರಿಗೆ ಐರ್ಲೆಂಡಿನ ನಾಟಕಕಾರ ಜಾನ್ ಮಿಲಿಂಗ್ಟನ್ ಸಿಂಜ್ ಬರೆದ 'ರೈಡರ್ಸ್ ಟು ದಿ ಸೀ' ಎಂಬ ಏಕಾಂಕದ ಪರಿಚಯವಿರುತ್ತದೆ. ಕಡಲಿಗೆ ಗಂಡನನ್ನೂ ಮಾವನನ್ನೂ ಒಬ್ಬೊಬ್ಬರಾಗಿ ಆರು ಮಂದಿ ಗಂಡುಮಕ್ಕಳನ್ನೂ ಒಪ್ಪಿಸಿದ ಮೌರ್ಯಾ ಎಂಬ ಮುದುಕಿಯ ಕಥೆ ಅದು. 1904ರ ಫೆಬ್ರುವರಿಯಲ್ಲಿ ಡಬ್ಲಿನ್ ನಗರದಲ್ಲಿ ಮೊದಲ ಬಾರಿಗೆ ರಂಗವನ್ನೇರಿದ ಆ ನಾಟಕದ ಆರಂಭದಲ್ಲಿಯೇ ಒಂದು ಸಣ್ಣ ಗಂಟು ಬರುತ್ತದೆ. ದೂರದ ಡೊನೆಗಾಲ್ ಸೀಮೆಯ ಕಡಲಲ್ಲಿ ತೇಲಿಬಂದ ಒಂದು ಹೆಣದ ಮೈಮೇಲಿದ್ದ ಬಟ್ಟೆಗಳ ಗಂಟು. ಅದು ತಮ್ಮ ಅಣ್ಣ ಮೈಕೆಲ್‌ನದೋ ಅಲ್ಲವೋ ಎಂದು ಇಬ್ಬರು ತಂಗಿಯರು ತಾಯಿಗೆ ತಿಳಿಯದಂತೆ ಬಿಚ್ಚಿ ನೋಡುತ್ತಾರೆ. ಅಂಗಿಯ ಬಟ್ಟೆಯಿಂದ ಏನೂ ನಿಶ್ಚಯವಾಗುವುದಿಲ್ಲ. ಅಂಥ ಬಟ್ಟೆಯ ಸುರುಳಿಗಳು ಗಾಲ್ವೇ ಪಟ್ಟಣದ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಆಮೇಲೆ ಕಿರಿಯವಳು ಕಾಲುಚೀಲವನ್ನು ಕೈಗೆತ್ತಿಕೊಂಡು ಕುಣಿಕೆಗಳನ್ನು ಎಣಿಸುತ್ತಾಳೆ. ತಾನು ಅರವತ್ತು ಕುಣಿಕೆ ಹಾಕಿ, ಅದರಲ್ಲಿ ನಾಲ್ಕನ್ನು ಬಿಟ್ಟಿದ್ದೆನೆಂಬುದು ಅವಳಿಗೆ ನೆನಪಿದೆ. ಲೆಕ್ಕ ಸರಿಹೋಗುತ್ತದೆ. ಅಣ್ಣ ಸತ್ತದ್ದು ಹಾಗೆ ಖಚಿತವಾಗುತ್ತದೆ.

ಈ ಕಾಲುಚೀಲವನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಏಕೆಂದರೆ ನಾನು ಹೇಳಹೊರಟಿರುವ ಉಣ್ಣೆಯಂಗಿಯ ಚರಿತ್ರೆಗೆ ಇದೇ ಬೀಗದಕೈ.

ಡಬ್ಲಿನ್ನಿನಲ್ಲಾಗಲಿ ಗಾಲ್ವೇಯಲ್ಲಾಗಲಿ ಪ್ರವಾಸಿಗಳ ಅಂಗಡಿಯನ್ನು ಹೊಕ್ಕರೆ ಕೆನೆಬಣ್ಣದ, ದಪ್ಪ ಹೆಣಿಗೆಯ, ಎದೆಯ ಮೇಲೆಲ್ಲ ಹಗ್ಗ ಹೊಸೆದಂತೆ ಉಬ್ಬುಚಿತ್ರಗಳಿರುವ ಸ್ವೆಟರುಗಳು ರಾಶಿ ರಾಶಿಯಾಗಿ ಕಾಣುತ್ತವೆ. ಅವುಗಳ ಜೊತೆಗೆ ಸಾಮಾನ್ಯವಾಗಿ ಒಂದು ಕಥೆಯೂ ಮಾರಾಟಕ್ಕಿರುತ್ತದೆ. ಆರನ್ ದ್ವೀಪಗಳ ಬೆಸ್ತರು ಸಾವಿರ ವರ್ಷಗಳಿಂದ ಈ ಅಂಗಿಯನ್ನು ತೊಡುತ್ತ ಬಂದಿದ್ದಾರೆ. ಪ್ರತಿಯೊಂದು ಕುಲಕ್ಕೂ ತನ್ನದೇ ಆದ ಚಿತ್ತಾರವಿದೆ. ಕಡಲಲ್ಲಿ ಸತ್ತವನ ಮುಖ ಗುರುತು ಸಿಗದಂತೆ ಕೆಟ್ಟಿದ್ದರೂ ಅಂಗಿಯ ಚಿತ್ತಾರವನ್ನು ನೋಡಿ ಇಂಥ ಮನೆಯವನೆಂದು ತಿಳಿದು ಮಣ್ಣು ಮಾಡುತ್ತಿದ್ದರು. ಹಗ್ಗದ ಹೆಣಿಗೆ ಬೆಸ್ತನ ಹಗ್ಗವನ್ನೂ, ವಜ್ರಾಕೃತಿ ಹೊಲದ ಕಲ್ಲುಗೋಡೆಗಳನ್ನೂ, ಜೇನುಗೂಡಿನ ಹೆಣಿಗೆ ದುಡಿಮೆಯ ಫಲವನ್ನೂ ಸೂಚಿಸುತ್ತವೆ. ಕಥೆ ಎಷ್ಟು ಸೊಗಸಾಗಿದೆಯೆಂದರೆ ಅದನ್ನು ಅನುಮಾನಿಸುವುದಕ್ಕೇ ಸಂಕೋಚವಾಗುತ್ತದೆ. ನಾನೂ ಬಹುಕಾಲ ನಂಬಿಕೊಂಡೇ ಇದ್ದೆ.

ಮೊದಲು ಆ ದ್ವೀಪಗಳನ್ನು ಕಣ್ಣಮುಂದೆ ತಂದುಕೊಳ್ಳೋಣ. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಗಾಲ್ವೇ ಕೊಲ್ಲಿಯ ಬಾಯಿಗೆ ಅಡ್ಡಲಾಗಿ, ಮೂರು ದ್ವೀಪಗಳು ಮಲಗಿವೆ: ಇನಿಷ್‌ಮೋರ್, ಇನಿಷ್‌ಮಾನ್, ಇನಿಷೀರ್. ಮೂರೂ ಬರಿಯ ಸುಣ್ಣಕಲ್ಲಿನ ಹಾಸುಗಳು. ಮಣ್ಣು ಎಂಬುದು ಅಲ್ಲಿ ಬಹುಮಟ್ಟಿಗೆ ಪ್ರಕೃತಿ ಕೊಟ್ಟದ್ದಲ್ಲ, ಮನುಷ್ಯ ಮಾಡಿಕೊಂಡದ್ದು. ಕಡಲ ಮರಳನ್ನೂ ಕಡಲ ಪಾಚಿಯನ್ನೂ ಬೆನ್ನಮೇಲೆ ಹೊತ್ತು ತಂದು, ಬಂಡೆಯ ಮೇಲೆ ಪದರ ಪದರವಾಗಿ ಹಾಸಿ, ಅದರಲ್ಲಿ ಆಲೂಗೆಡ್ಡೆ ಬೆಳೆದರು. ಗಾಳಿ ಆ ಮಣ್ಣನ್ನು ಹೊತ್ತುಕೊಂಡು ಹೋಗದಂತೆ ಕಲ್ಲಿನ ಗೋಡೆಗಳನ್ನು ಎತ್ತಿದರು. ಮೀನು ಹಿಡಿಯುವುದಕ್ಕೆ ಇದ್ದದ್ದು 'ಕರಹ್' ಎಂಬ ಹಗುರವಾದ ದೋಣಿ. ತೆಳುವಾದ ಮರದ ಪಟ್ಟಿಗಳ ಹಂದರಕ್ಕೆ ಟಾರು ಬಳಿದ ಕ್ಯಾನ್ವಾಸ್ ಬಿಗಿದದ್ದು. ಅಟ್ಲಾಂಟಿಕ್ ಮಹಾಸಾಗರದ ಮೇಲೆ ಅಂಥ ದೋಣಿಯಲ್ಲಿ ಹೋಗುವವರ ಮನೆಗಳಲ್ಲಿ ಸಾವು ಎಷ್ಟು ಸಲಿಗೆಯ ನೆಂಟನಾಗಿದ್ದಿತೆಂಬುದನ್ನು ಊಹಿಸಬಹುದು.

ಈ ದ್ವೀಪಗಳಿಗೆ ಸಿಂಜ್ ಮೊದಲು ಹೋದದ್ದು 1898ರಲ್ಲಿ. ಪ್ಯಾರಿಸ್ಸಿನಲ್ಲಿ ದಾರಿಗಾಣದೆ ಇದ್ದ ಈ ತರುಣನಿಗೆ ಅಲ್ಲಿಗೆ ಹೋಗೆಂದು ಬುದ್ಧಿ ಹೇಳಿದವನು ಕವಿ ಯೇಟ್ಸ್. 1902ರ ವರೆಗೆ ವರ್ಷವರ್ಷವೂ ಹೋಗಿ, ಕೆಲವು ವಾರಗಳ ಕಾಲ ನಿಂತು, ಐರಿಷ್ ಭಾಷೆಯನ್ನು ಕಲಿತು, ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟುಕೊಂಡು, 1907ರಲ್ಲಿ 'ದಿ ಆರನ್ ಐಲೆಂಡ್ಸ್' ಎಂಬ ಪುಸ್ತಕವನ್ನು ಪ್ರಕಟಿಸಿದ. ಸಿಂಜ್‌ನ ಕಣ್ಣು ಬಹಳ ಚುರುಕು, ಬಟ್ಟೆಬರೆಯ ವಿಷಯದಲ್ಲಂತೂ ಇನ್ನೂ ಚುರುಕು. ಹೆಂಗಸರ ಕೆಂಪು ಲಂಗ, ಗಂಡಸರು ತೊಡುವ ಸಹಜವರ್ಣದ ಉಣ್ಣೆ, ನೀಲಿ ಬಣ್ಣದ ಉಣ್ಣೆ, ಇವೆರಡರ ಎಳೆಗಳನ್ನು ಬೆರೆಸಿ ನೇಯ್ದ ಬೂದುಬಣ್ಣದ ಫ್ಲಾನೆಲ್, ಹಸಿ ಚರ್ಮದ ಪಾದರಕ್ಷೆ, ಎಲ್ಲವನ್ನೂ ಆತ ವರ್ಣಿಸುತ್ತಾನೆ. ಹೆಣೆದ ಅಂಗಿಯ ಬಗ್ಗೆ ಆತ ಹೇಳುವುದು ಇಷ್ಟೇ: ದೊಡ್ಡ ದ್ವೀಪದಲ್ಲಿ ಎಳೆಯ ವಯಸ್ಸಿನವರು ಅನೇಕರು ಎಲ್ಲ ಕಡೆಯ ಬೆಸ್ತರು ಹಾಕುವಂಥ ಜರ್ಸಿಯನ್ನು ರೂಢಿಸಿಕೊಂಡಿದ್ದಾರೆ, ಇನಿಷ್‌ಮಾನ್‌ನಲ್ಲಿ ಮಾತ್ರ ತಾನು ಕಂಡದ್ದು ಒಂದೇ ಒಂದು.

ಈ ಮಾತನ್ನು ನಿಧಾನವಾಗಿ ಪರಿಶೀಲಿಸಬೇಕು. ಬಿಳಿಯ ಅಂಗಿಯಾಗಲಿ ಕುಲದ ಚಿತ್ತಾರವಾಗಲಿ ಇಲ್ಲಿ ಇಲ್ಲವೇ ಇಲ್ಲ. ಹೆಣೆದ ಅಂಗಿ ಎಂಬುದೇ ಆಗ ಅಲ್ಲಿಗೆ ಹೊಸದು. ಹೊರಗಿನಿಂದ ಬಂದದ್ದು, ತರುಣರು ಶೋಕಿಗೆ ಹಾಕಿಕೊಳ್ಳತೊಡಗಿದ್ದು. ಸಾವಿರ ವರ್ಷದ ಪರಂಪರೆಯೊಂದು ಸಿಂಜ್‌ನಂಥವನ ಕಣ್ಣಿಗೆ ಬೀಳದೆ ಹೋಯಿತೆಂದು ನಂಬುವುದು ಕಷ್ಟ.

ಹಾಗಾದರೆ ಆ ಜರ್ಸಿ ಬಂದದ್ದೆಲ್ಲಿಂದ? ಇದಕ್ಕೆ ಉತ್ತರ ಐರಿಷ್ ಭಾಷೆಯಲ್ಲಿಯೇ ಅಡಗಿದೆ. ಸ್ವೆಟರಿಗೆ ಆ ಭಾಷೆಯಲ್ಲಿ 'ಗ್ಯಾನ್ಸಿ' ಎನ್ನುತ್ತಾರೆ. ಇದು ಇಂಗ್ಲಿಷ್ ಕಡಲ್ಗಾಲುವೆಯಲ್ಲಿರುವ ಗರ್ನ್‌ಸಿ ದ್ವೀಪದ ಹೆಸರಿನ ಅಪಭ್ರಂಶ. ಅದರ ನೆರೆಯ ದ್ವೀಪದ ಹೆಸರು ಜರ್ಸಿ. ಆ ಹೆಸರು ಲೋಕದಲ್ಲೆಲ್ಲ ಅಂಗಿಯ ಹೆಸರೇ ಆಗಿಹೋಗಿದೆ. ಈ ದ್ವೀಪಗಳವರು ಹಲವು ಶತಮಾನಗಳಿಂದ ಉಣ್ಣೆಯ ಹೆಣಿಗೆಗೆ ಹೆಸರಾದವರು. ಕಡುನೀಲಿಯ ಬಿಗಿಯಾದ ದಾರದಲ್ಲಿ, ಮೈಗೆ ಅಂಟಿಕೊಳ್ಳುವಂತೆ, ಹೊಲಿಗೆಯೇ ಇಲ್ಲದೆ ಸುತ್ತಲೂ ಒಂದೇ ಕೊಳವೆಯಾಗಿ ಹೆಣೆದ ಬೆಸ್ತರ ಅಂಗಿ ಇಂಗ್ಲೆಂಡು, ಸ್ಕಾಟ್ಲೆಂಡುಗಳ ಕರಾವಳಿಯುದ್ದಕ್ಕೂ ಹತ್ತೊಂಬತ್ತನೆಯ ಶತಮಾನದಲ್ಲಿ ಹರಡಿತು. ಹರಡಿದವರಲ್ಲಿ ಮುಖ್ಯರು ಹೆಂಗಸರು. ಹೆರಿಂಗ್ ಮೀನಿನ ಹಿಂಡು ಕರಾವಳಿಯಲ್ಲಿ ಸರಿದಂತೆಲ್ಲ ಸ್ಕಾಟ್ಲೆಂಡಿನ ಹುಡುಗಿಯರು ಬಂದರಿನಿಂದ ಬಂದರಿಗೆ ಹೋಗಿ ಮೀನು ಸೀಳಿ ಉಪ್ಪು ಹಾಕುವ ಕೂಲಿ ಮಾಡುತ್ತಿದ್ದರು. ಕೈಗೆ ಬಿಡುವಾದಾಗ, ದಾರಿ ನಡೆಯುವಾಗಲೂ, ಹೆಣೆಯುತ್ತಿದ್ದರು. ಒಂದು ಊರಿನ ಚಿತ್ತಾರ ಇನ್ನೊಂದು ಊರಿಗೆ ಹೋದದ್ದು ಈ ಕೈಗಳ ಮೂಲಕ. ಇಂಥಲ್ಲಿ ಯಾವ ಚಿತ್ತಾರವೂ ಒಂದು ಊರಿಗೇ ಮೀಸಲಾಗಿ ಬಹುಕಾಲ ಉಳಿದಿರಲಾರದು; ಕುಲದ ಮಾತಂತೂ ದೂರವೇ.

ಆರನ್‌ಗೆ ಈ ಗಾಳಿ ಬೀಸಿದ್ದಕ್ಕೆ ಒಂದು ಸರ್ಕಾರಿ ಕಾರಣವೂ ಉಂಟು. ಪಶ್ಚಿಮ ಐರ್ಲೆಂಡಿನ ಕಡುಬಡತನವನ್ನು ನಿವಾರಿಸಬೇಕೆಂದು 1891ರಲ್ಲಿ 'ಕಂಜೆಸ್ಟೆಡ್ ಡಿಸ್ಟ್ರಿಕ್ಟ್ಸ್ ಬೋರ್ಡ್' ಎಂಬ ಮಂಡಲಿಯನ್ನು ಸ್ಥಾಪಿಸಲಾಯಿತು. ಮಂಡಲಿ ಮರುವರ್ಷವೇ ಪೂರ್ವ ಕರಾವಳಿಯ ಆರ್ಕ್ಲೋ ಎಂಬಲ್ಲಿಂದ ದೊಡ್ಡ ದೋಣಿಗಳನ್ನೂ ನುರಿತ ಬೆಸ್ತರನ್ನೂ ಕರೆಸಿ ಆರನ್‌ನಲ್ಲಿ ಮೀನುಗಾರಿಕೆಯನ್ನು ಬೆಳೆಸಲು ಯತ್ನಿಸಿತು. ಹೊರಗಿನವರು ಬಂದರು, ಅವರ ಮೈಮೇಲೆ ಅವರ ಗ್ಯಾನ್ಸಿಗಳೂ ಬಂದವು. ಸಿಂಜ್ ಕಂಡ ಜರ್ಸಿಯ ಹಿನ್ನೆಲೆ ಬಹುಶಃ ಇದೇ.

ಇನ್ನು ಮುಂದಿನದೇ ಸ್ವಾರಸ್ಯದ ಘಟ್ಟ. ಹೊರಗಿನಿಂದ ಬಂದದ್ದನ್ನು ಆರನ್ ಹೆಂಗಸರು ಹಾಗೆಯೇ ಇಟ್ಟುಕೊಳ್ಳಲಿಲ್ಲ. ಹೆಣಿಗೆ ಬಲ್ಲವರಿಗೆ ಇದು ಕೂಡಲೆ ತಿಳಿಯುತ್ತದೆ. ಬಾರದವರಿಗಾಗಿ ಎರಡು ಮಾತು. ಹೆಣಿಗೆಯಲ್ಲಿ ಮೂಲತಃ ಇರುವುದು ಎರಡೇ ಕುಣಿಕೆ. ನಮ್ಮ ಮನೆಗಳಲ್ಲಿ ಸೀದಾ, ಉಲ್ಟಾ ಎನ್ನುತ್ತೇವಲ್ಲ, ಅವು. ಗ್ಯಾನ್ಸಿಯ ಚಿತ್ತಾರ ಬಹುಮಟ್ಟಿಗೆ ಇವೆರಡರ ನೆರಳುಬೆಳಕಿನ ಆಟ, ಅದೂ ಸಾಮಾನ್ಯವಾಗಿ ಎದೆಯ ಭಾಗದಲ್ಲಿ. ನಡುವೆ ಅಲ್ಲೊಂದು ಇಲ್ಲೊಂದು ಹಗ್ಗದ ಹೆಣಿಗೆ. ಆರನ್ ಹೆಂಗಸರು ಕಡುನೀಲಿಯನ್ನು ಬಿಟ್ಟು 'ಬಾನೀನ್' ಎಂದು ಕರೆಯುವ ಬಣ್ಣ ಹಾಕದ ದಪ್ಪ ಬಿಳಿಯ ಉಣ್ಣೆಯನ್ನು ಹಿಡಿದರು. ದಾರ ದಪ್ಪವಾದಂತೆ ಚಿತ್ತಾರ ಉಬ್ಬಿ ಶಿಲ್ಪದಂತಾಯಿತು. ಬಿಳಿಯ ಬಣ್ಣದಲ್ಲಿ ಒಂದೊಂದು ಉಬ್ಬಿನ ನೆರಳೂ ಕಾಣತೊಡಗಿತು. ಆಮೇಲೆ ಕುಣಿಕೆಗಳನ್ನು ಎಡಕ್ಕೂ ಬಲಕ್ಕೂ ದಾಟಿಸಿ, ಒಂದರ ಮೇಲೊಂದನ್ನು ಹಾಯಿಸಿ, ನಡೆದಾಡುವ ಗೆರೆಗಳನ್ನು ತೆಗೆದರು. ಆ ಗೆರೆಗಳಿಂದ ವಜ್ರಾಕೃತಿ, ಜಾಲಂಧ್ರ, ಜೇನುಗೂಡು, ಕವಲೊಡೆದ ಮರ ಮೂಡಿದವು. ಎದೆಗಷ್ಟೇ ನಿಲ್ಲದೆ ಕೊರಳಿನಿಂದ ಸೊಂಟದವರೆಗೆ, ತೋಳಿನ ಮೇಲೆ ಸಹ, ಪಟ್ಟಿ ಪಟ್ಟಿಯಾಗಿ ತುಂಬಿದರು. ನಡುವೆ ಅಗಲವಾದ ಒಂದು ಪಟ್ಟಿ, ಅದರ ಎರಡು ಮಗ್ಗುಲಿಗೂ ಕನ್ನಡಿಯಲ್ಲಿ ಕಂಡಂತೆ ಜೋಡಿ ಪಟ್ಟಿಗಳು: ಈ ವಿನ್ಯಾಸಕ್ಕೆ ಗರ್ನ್‌ಸಿಯಲ್ಲಾಗಲಿ ಸ್ಕಾಟ್ಲೆಂಡಿನಲ್ಲಾಗಲಿ ಸರಿಯಾದ ಮಾದರಿ ಇಲ್ಲ. ಎಲ್ಲವನ್ನೂ ಮನಸ್ಸಿನಲ್ಲಿಯೇ ಎಣಿಸಿಕೊಂಡು ಹೆಣೆಯುತ್ತಿದ್ದರೇ ಹೊರತು ಬರೆದ ಲೆಕ್ಕವಿರಲಿಲ್ಲ. ದ್ವೀಪದಲ್ಲಿ ಉಳಿದುಬಂದ ಒಂದು ನೆನಪಿನಂತೆ, ಅಮೆರಿಕಕ್ಕೆ ಹೋಗಿ ಕೆಲವು ಕಾಲವಿದ್ದು ಹಿಂತಿರುಗಿದ ಹೆಂಗಸರು ಅಲ್ಲಿ ಬೇರೆ ದೇಶಗಳ ವಲಸೆಗಾರರಿಂದ ಕಲಿತ ಹೆಣಿಗೆಗಳೂ ಇದರಲ್ಲಿ ಬೆರೆತವು. ಇದು ಅಸಂಭವವೇನಲ್ಲ. ಅಂತೂ ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳೊಳಗೆ, ಬಂಡೆಯ ಮೇಲೆ ಬದುಕುತ್ತಿದ್ದ ಕೆಲವೇ ನೂರು ಕುಟುಂಬಗಳ ಹೆಂಗಸರು ಹೆಣಿಗೆಯ ಲೋಕಕ್ಕೆ ಹೊಸದೊಂದು ಶೈಲಿಯನ್ನು ಕೊಟ್ಟರು.

ಆ ದಪ್ಪ ಬಿಳಿಯ ಅಂಗಿ ಕಡಲ ದುಡಿಮೆಗೆಂದೇ ಹುಟ್ಟಿತೆಂಬುದೂ ಸಂದೇಹಾಸ್ಪದ. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದೆ ಇರಬಲ್ಲದೆಂಬುದು ನಿಜ. ಆದರೆ ಅಲೆ ಹೊಡೆದು ತೊಯ್ದ ಮೇಲೆ ಇಷ್ಟು ದಪ್ಪದ ಅಂಗಿ ಎಷ್ಟು ಭಾರವಾಗುವುದು! ಬೆಸ್ತನಿಗೆ ಬೇಕಾದದ್ದು ಬಿಗಿಯಾದ ಹೆಣಿಗೆಯ, ಕೊಳೆ ಕಾಣದ ಕಡುನೀಲಿಯ ಗ್ಯಾನ್ಸಿ. ಹಾಲಿನಂಥ ಬಿಳಿಯ ಅಂಗಿ ಭಾನುವಾರದ ಪ್ರಾರ್ಥನೆಗೆ, ಹಬ್ಬಕ್ಕೆ, ಹುಡುಗರ ಧರ್ಮದೀಕ್ಷೆಯ ದಿನಕ್ಕೆ ಒಪ್ಪುವಂಥದು. ತಾಯಂದಿರು ತಮ್ಮ ಮಕ್ಕಳನ್ನು ಊರಿನ ಮುಂದೆ ಚೆನ್ನಾಗಿ ಕಾಣಿಸಬೇಕೆಂದು ಪಂತಕ್ಕೆ ಬಿದ್ದವರಂತೆ ಹೆಣೆದರೆಂದರೆ, ಆ ಚಿತ್ತಾರಗಳ ಅತಿಶಯ ಕೂಡಲೆ ಅರ್ಥವಾಗುತ್ತದೆ.

ಇಂಥ ಅಂಗಿ ಹೊರಲೋಕಕ್ಕೆ ಬಂದ ಬಗೆಯಲ್ಲಿ ಇಬ್ಬರ ಪಾತ್ರ ದೊಡ್ಡದು. ಒಬ್ಬಾಕೆ ಮ್ಯೂರಿಯಲ್ ಗಹಾನ್. ಮೇಲೆ ಹೇಳಿದ ಮಂಡಲಿಯ ಅಧಿಕಾರಿಯೊಬ್ಬನ ಮಗಳು. ಹಳ್ಳಿಗಾಡಿನ ಬಡತನವನ್ನು ಬಾಲ್ಯದಿಂದ ಕಂಡವಳು. 1930ರಲ್ಲಿ ಡಬ್ಲಿನ್ನಿನ ಸೇಂಟ್ ಸ್ಟೀಫನ್ಸ್ ಗ್ರೀನ್ ಬಳಿ 'ದಿ ಕಂಟ್ರಿ ಶಾಪ್' ಎಂಬ ಮಳಿಗೆಯನ್ನು ತೆರೆದು ಹಳ್ಳಿಯ ಕುಶಲಕರ್ಮಿಗಳ ವಸ್ತುಗಳನ್ನು ನ್ಯಾಯವಾದ ಬೆಲೆಗೆ ಮಾರತೊಡಗಿದಳು. ಆರನ್ ಹೆಂಗಸರ ಅಂಗಿಗಳು ಹೀಗೆ ರಾಜಧಾನಿಯನ್ನು ಸೇರಿದವು. 1978ರಲ್ಲಿ ಮುಚ್ಚುವವರೆಗೂ ಆ ಮಳಿಗೆ ಕೇವಲ ಅಂಗಡಿಯಾಗಿರದೆ ಒಂದು ಆಂದೋಲನವೇ ಆಗಿದ್ದಿತು.

ಇನ್ನೊಬ್ಬ ಹೈನ್ಸ್ ಎಡ್ಗರ್ ಕೀವ. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದು ಆಕ್ಸ್‌ಫರ್ಡಿನಲ್ಲಿ ಕಸೂತಿ ಮತ್ತು ಹೆಣಿಗೆಯ ಸಾಮಗ್ರಿಗಳ ಅಂಗಡಿ ಇಟ್ಟಿದ್ದವನು. 1936ರಲ್ಲಿ ಡಬ್ಲಿನ್ನಿನಲ್ಲಿ ಆತನ ಕಣ್ಣಿಗೆ ಒಂದು ಆರನ್ ಅಂಗಿ ಬಿತ್ತು. ಆತ ವ್ಯಾಪಾರಿ ಹೌದು, ಆದರೆ ಕನಸುಗಾರನೂ ಹೌದು. ಆ ಬಿಳಿಯಲ್ಲಿ ಆತನಿಗೆ ಬೈಬಲ್ ಕಾಲದ ಶುಭ್ರತೆ ಕಂಡಿತು. ಕ್ರಿ.ಶ. 800ರ ಸುಮಾರಿನ, ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ, 'ಬುಕ್ ಆಫ್ ಕೆಲ್ಸ್' ಎಂಬ ಸುಪ್ರಸಿದ್ಧ ಚಿತ್ರಿತ ಹಸ್ತಪ್ರತಿಯಲ್ಲಿನ ಮನುಷ್ಯಾಕೃತಿಯ ಉಡುಪಿನಲ್ಲಿ ಆತ ಆರನ್ ಹೆಣಿಗೆಯನ್ನು ಗುರುತಿಸಿದ. ಅಲ್ಲಿನ ಹೆಣೆದುಕೊಂಡ ಬಳ್ಳಿಗಳಿಗೂ ಅಂಗಿಯ ಹಗ್ಗಗಳಿಗೂ ನಂಟು ಕಲ್ಪಿಸಿದ. ಒಂದೊಂದು ಹೆಣಿಗೆಗೂ ಧಾರ್ಮಿಕ ಅರ್ಥವನ್ನು ಹಚ್ಚಿದ. 1967ರಲ್ಲಿ ಇದನ್ನೆಲ್ಲ 'ದಿ ಸೇಕ್ರೆಡ್ ಹಿಸ್ಟರಿ ಆಫ್ ನಿಟಿಂಗ್' ಎಂಬ ಗ್ರಂಥವಾಗಿ ಹೊರತಂದ. ಇಂದು ಅಂಗಡಿಗಳು ಹೇಳುವ ಅರ್ಥಗಳ ಬೇರು ಬಹುಮಟ್ಟಿಗೆ ಇಲ್ಲಿದೆ.

ಕಲ್ಲಿನಲ್ಲೋ ಚರ್ಮಪತ್ರದಲ್ಲೋ ಕಂಡ ಹೆಣೆಬಳ್ಳಿ ಉಣ್ಣೆಯಲ್ಲಿ ಕಂಡ ಹೆಣೆಬಳ್ಳಿಗೆ ತಂದೆಯೆಂದು ಹೇಳುವುದಕ್ಕೆ ರೂಪಸಾಮ್ಯವೊಂದೇ ಸಾಲದು. ಎರಡು ಕಡ್ಡಿಗಳ ಹೆಣಿಗೆಯ ಅತಿ ಹಳೆಯ ಮಾದರಿಗಳು ದೊರೆತಿರುವುದು ಈಜಿಪ್ಟಿನಲ್ಲಿ. ಯೂರೋಪಿನಲ್ಲಿ ಅದು ಹದಿಮೂರನೆಯ ಶತಮಾನದ ಸ್ಪೇನಿನ ರಾಜಮನೆತನದ ಗೋರಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನು ಉಲ್ಟಾ ಕುಣಿಕೆ, ಯಾವುದಿಲ್ಲದೆ ಆರನ್ ಚಿತ್ತಾರ ಸಾಧ್ಯವೇ ಇಲ್ಲವೋ ಅದು, ಸ್ಪಷ್ಟವಾಗಿ ಕಾಣುವುದು 1562ರಲ್ಲಿ ತೀರಿಕೊಂಡ ಫ್ಲಾರೆನ್ಸಿನ ಡಚೆಸ್ ಎಲೆನೋರಾಳ ಶವದೊಂದಿಗೆ ಹೂಳಿದ್ದ ರೇಷ್ಮೆಯ ಕಾಲುಚೀಲಗಳಲ್ಲಿ. ಕೆಲ್ಸ್ ಗ್ರಂಥದ ಚಿತ್ರಕಾರ ಸನ್ಯಾಸಿಗಳು ಹೆಣೆದ ಬಟ್ಟೆಯನ್ನು ಕಂಡೇ ಇರಲಾರರು.

ಈಗ ಮುಳುಗಿದವರ ಗುರುತಿನ ಮಾತಿಗೆ ಬರೋಣ. ಸಿಂಜ್ ತನ್ನ ಪುಸ್ತಕದಲ್ಲಿ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ಡೊನೆಗಾಲ್‌ನಲ್ಲಿ ಒಂದು ಹೆಣ ತೇಲಿಬಂದ ಸುದ್ದಿ ದ್ವೀಪಕ್ಕೆ ಮುಟ್ಟುತ್ತದೆ. ಅದು ತಮ್ಮ ದ್ವೀಪದವನೋ ದಕ್ಷಿಣದವನೋ ಎಂದು ಮೂರು ದಿನ ಚರ್ಚೆ ನಡೆಯುತ್ತದೆ. ಕೊನೆಗೆ ಸತ್ತವನ ತಂಗಿಯೊಬ್ಬಳು ಅವನ ಬಟ್ಟೆ, ಹಣದ ಚೀಲ, ತಂಬಾಕಿನ ಡಬ್ಬಿ, ಕಾಲುಚೀಲ ಇವುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡು ಹೇಳಿದ ಮೇಲೆ, ಅವನೇ ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ನಾಟಕದ ಗಂಟು ಮೂಡಿದ್ದು ಇಂಥ ಪ್ರಸಂಗದಿಂದ. ಕುಲದ ಚಿತ್ತಾರವಿದ್ದಿದ್ದರೆ ಮೂರು ದಿನದ ಚರ್ಚೆ ಏಕೆ ಬೇಕಾಗಿತ್ತು? ನಾಟಕದಲ್ಲಿಯೂ ಗುರುತು ಸಿಕ್ಕಿದ್ದು ಅಂಗಿಯಿಂದಲ್ಲ. ಅದು ಸಾದಾ ಕಾಲುಚೀಲ, ಅದರಲ್ಲಿ ಚಿತ್ತಾರವೂ ಇಲ್ಲ. ಗುರುತು ಸಿಕ್ಕಿದ್ದು ಹೆಣೆದವಳಿಗೆ ತನ್ನ ಕೈಯ ಕೆಲಸ, ತಾನು ಬಿಟ್ಟ ನಾಲ್ಕು ಕುಣಿಕೆ ಸಹಿತ, ನೆನಪಿದ್ದುದರಿಂದ. ಮುಂದೆ ಜನರ ಬಾಯಲ್ಲಿ ಕಾಲುಚೀಲ ಅಂಗಿಯಾಯಿತು, ಕುಣಿಕೆಯ ಲೆಕ್ಕ ಕುಲದ ಲಾಂಛನವಾಯಿತು, ಒಬ್ಬ ತಂಗಿಯ ನೆನಪು ಒಂದು ಜನಾಂಗದ ಸಂಪ್ರದಾಯವಾಯಿತು.

ಈ ಮಾರ್ಪಾಟಿನಿಂದ ವ್ಯಾಪಾರಕ್ಕೆ ಒದಗಿದ ಲಾಭ ಅಲ್ಪವಲ್ಲ. 1950ರ ದಶಕದಲ್ಲಿ ಅಳತೆಗಳನ್ನು ಕ್ರಮಪಡಿಸಿ ಅಂಗಿಗಳನ್ನು ಅಮೆರಿಕಕ್ಕೆ ರಫ್ತು ಮಾಡುವ ಏರ್ಪಾಟಾಯಿತು. ಕ್ಲಾನ್ಸಿ ಸೋದರರು ಮತ್ತು ಟಾಮಿ ಮೇಕಮ್ ಎಂಬ ಹಾಡುಗಾರರ ತಂಡ ಆಗ ನ್ಯೂಯಾರ್ಕಿನಲ್ಲಿದ್ದಿತು. ಅಲ್ಲಿನ ಚಳಿಗೆಂದು ಕ್ಲಾನ್ಸಿಗಳ ತಾಯಿ ಊರಿನಿಂದ ಆರನ್ ಅಂಗಿಗಳನ್ನು ಕಳಿಸಿಕೊಟ್ಟಳು; ತಂಡದ ವ್ಯವಸ್ಥಾಪಕ ಅದನ್ನು ನೋಡಿ ಇದೇ ನಿಮ್ಮ ವೇಷವೆಂದ. 1961ರಲ್ಲಿ ಎಡ್ ಸಲಿವನ್ನನ ಪ್ರಖ್ಯಾತ ಟೆಲಿವಿಷನ್ ಕಾರ್ಯಕ್ರಮದಲ್ಲಿ ಅವರು ಹಾಡಿದ ಮೇಲೆ ಅಂಗಿಗೆ ಬೇಡಿಕೆ ಉಕ್ಕಿತು. ಹಾಡಿದ ನಾಲ್ವರಲ್ಲಿ ಒಬ್ಬನೂ ಆರನ್‌ನವನಲ್ಲ. ಮೂವರು ಟಿಪರೆರಿ ಸೀಮೆಯವರು, ಒಬ್ಬ ಆರ್ಮಾದವನು.

ಬೇಡಿಕೆಯನ್ನು ಪೂರೈಸಿದವರು ಪಶ್ಚಿಮ ಕರಾವಳಿಯ ಸಾವಿರಾರು ಹೆಂಗಸರು. ಒಲೆಯ ಪಕ್ಕದಲ್ಲಿ ಕುಳಿತು, ಮನೆಗೆಲಸದ ನಡುವೆ, ಅಂಗಿಗೆ ಇಷ್ಟೆಂದು ಗೊತ್ತು ಮಾಡಿದ ಕೂಲಿಗೆ ಹೆಣೆದರು. ಈ ಬಗೆಯ ದುಡಿಮೆಗೆ ಅಲ್ಲಿ ದುಃಖದ ಇತಿಹಾಸವೇ ಇದೆ. ಡೊನೆಗಾಲ್ ಸೀಮೆಯ ಪ್ಯಾಟ್ರಿಕ್ ಮೆಗಿಲ್ 1915ರಲ್ಲಿ ಬರೆದ 'ದಿ ರ‍್ಯಾಟ್ ಪಿಟ್' ಕಾದಂಬರಿಯ ಆರಂಭದಲ್ಲಿ, ಕಾಲುಚೀಲ ಹೆಣೆಯುವ ನೂಲನ್ನು ವ್ಯಾಪಾರಿಯಿಂದ ತರಲು ಚಳಿಗಾಲದಲ್ಲಿ ನಡೆದುಹೋಗುವ ಬಡ ಹೆಂಗಸರ ಚಿತ್ರವಿದೆ; ಓದಿದವರು ಮರೆಯಲಾರರು. ಆರನ್ ಅಂಗಿಯ ಕೂಲಿ ಅಷ್ಟು ಕ್ರೂರವಾಗಿರಲಿಲ್ಲ. ಆದರೂ ಒಂದು ಅಂಗಿಗೆ ಹಿಡಿಯುವ ವಾರಗಳ ದುಡಿಮೆಗೂ ಕೈಗೆ ಬರುವ ಹಣಕ್ಕೂ ತಾಳಮೇಳವಿರಲಿಲ್ಲ. ಬರಬರುತ್ತ ಯಂತ್ರಗಳು ಬಂದು, ಇಂದು ಪ್ರವಾಸಿಗಳು ಕೊಳ್ಳುವುದರಲ್ಲಿ ಹೆಚ್ಚಿನ ಪಾಲು ಯಂತ್ರದ ಹೆಣಿಗೆಯದು. ವಂಶನಾಮಕ್ಕೊಂದು ಚಿತ್ತಾರವೆಂದು ಪಟ್ಟಿಮಾಡಿ ಮಾರುವುದೂ ನಡೆದಿದೆ.

ವಿದ್ವಾಂಸರು ಸುಮ್ಮನಿರಲಿಲ್ಲ. ಇಂಗ್ಲೆಂಡಿನ ಬಿಷಪ್ಪನೂ ಹೆಣಿಗೆಯ ಚರಿತ್ರಕಾರನೂ ಆಗಿದ್ದ ರಿಚರ್ಡ್ ರಟ್ 1987ರ ತನ್ನ ಗ್ರಂಥದಲ್ಲಿ ಪ್ರಾಚೀನತೆಯ ವಾದವನ್ನು ಬಿಡಿಸಿ ನೋಡಿದ. (ಬಿಷಪ್ಪನೊಬ್ಬ ಹೆಣಿಗೆ ಕಡ್ಡಿ ಹಿಡಿಯುವುದು ನಮಗೆ ವಿಚಿತ್ರವೆನಿಸೀತು, ಆತ ಸ್ವತಃ ಚೆನ್ನಾಗಿ ಹೆಣೆಯುತ್ತಿದ್ದ.) ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಹೆಣಿಗೆಗಾರ್ತಿ ಆಲಿಸ್ ಸ್ಟಾರ್‌ಮೋರ್ 1997ರಲ್ಲಿ ಹಳೆಯ ಅಂಗಿಗಳನ್ನು ಕುಣಿಕೆ ಕುಣಿಕೆಯಾಗಿ ಪರೀಕ್ಷಿಸಿ, ಇದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಕಾಟಿಷ್ ಗ್ಯಾನ್ಸಿಯಿಂದ ಕವಲೊಡೆದ ಶೈಲಿಯೆಂದು ವಾದಿಸಿದಳು. ಹೆಣೆಯಬಲ್ಲವರ ವಿಮರ್ಶೆಯಾದ್ದರಿಂದ ನನಗೆ ಇದರಲ್ಲಿ ಹೆಚ್ಚು ನಂಬಿಕೆ.

ಕಥೆ ಸುಳ್ಳಾದರೆ ಯಾರಿಗೇನು ನಷ್ಟ, ಅಂಗಿ ಬೆಚ್ಚಗಿದ್ದರೆ ಸಾಲದೆ, ಎಂದು ಕೇಳುವವರಿದ್ದಾರೆ. ಪರದೇಶದಲ್ಲಿರುವ ಐರಿಷ್ ಮೂಲದವನಿಗೆ ತನ್ನ ಕುಲದ ಅಂಗಿಯೆಂದು ತೊಡುವುದರಲ್ಲಿ ಇರುವ ಸಂತೋಷವನ್ನು ನಾನು ಹಗುರಾಗಿ ಕಾಣುವುದಿಲ್ಲ. ಬರಗಾಲಕ್ಕೆ ಊರು ಬಿಟ್ಟವರ ಮೊಮ್ಮಕ್ಕಳಿಗೆ ಏನಾದರೊಂದು ಗುರುತು ಬೇಕಾಗುತ್ತದೆ. ಆದರೆ ನಷ್ಟವಾದವರಿದ್ದಾರೆ. ಚಿತ್ತಾರವನ್ನು ಸಾವಿರ ವರ್ಷದ ಹಿಂದಿನ ಸನ್ಯಾಸಿಗಳಿಗೂ ಹೆಸರಿಲ್ಲದ ಕುಲಗಳಿಗೂ ಕೊಟ್ಟಮೇಲೆ, ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ನಿಜವಾಗಿ ಕಂಡುಹಿಡಿದ ಹೆಂಗಸರು ಕೇವಲ ನಕಲುಗಾರರಾಗಿಬಿಡುತ್ತಾರೆ. ಅಜ್ಜಿಯಿಂದ ಬಂದದ್ದನ್ನು ಹಾಗೇ ಒಪ್ಪಿಸಿದ ಕೈಗಳು, ಅಷ್ಟೆ. ಅವರು ಆಯ್ದರು, ಕೂಡಿಸಿದರು, ತಪ್ಪಿದ್ದನ್ನು ಬಿಚ್ಚಿ ಮತ್ತೆ ಹೆಣೆದರು, ಪಕ್ಕದ ಮನೆಯವಳನ್ನು ಮೀರಿಸಿದರು ಎಂಬುದೆಲ್ಲ ಮರೆಯಾಗುತ್ತದೆ. ಸಿಂಜ್‌ನ ನಾಟಕದ ಹುಡುಗಿಗಾದರೂ ನೋರಾ ಎಂಬ ಹೆಸರಿದೆ.

ಸಿಂಜ್ ಒಂದೇ ಒಂದು ಜರ್ಸಿಯನ್ನು ಕಂಡ ಇನಿಷ್‌ಮಾನ್ ದ್ವೀಪದಲ್ಲಿ 1976ರಲ್ಲಿ ಒಂದು ಹೆಣಿಗೆಯ ಕಂಪೆನಿ ಪ್ರಾರಂಭವಾಯಿತು. ಅಲ್ಲಿ ತಯಾರಾದ ಅಂಗಿಗಳು ಹಡಗೇರಿ ದೂರದೇಶಗಳ ಬೆಲೆಬಾಳುವ ಅಂಗಡಿಗಳಿಗೆ ಹೋಗುತ್ತವೆ.